ಮಂಜೂರಾದ ರೊಕ್ಕ ಊರಿಗೆ ಯಾಕೆ ಮುಟ್ಟೋದಿಲ್ಲ?



ಕಡಗಂಚಿಯಲ್ಲಿ ನಡೆದ ಒಕ್ಕೂಟದ ಸಭೆ ನಿಮಗೆ ನೆನಪಿರಬಹುದು. ಉಳಿತಾಯದ ಲೆಕ್ಕ, ಸಾಲ ಮರುಪಾವತಿ ಎಲ್ಲ ಮುಗಿದು ಚಹಾ ಕುಡಿಯುವ ಹೊತ್ತಿಗೆ ಹಿರಿಯ ಸದಸ್ಯೆಯೊಬ್ಬರು ಎದ್ದು ನಿಂತು ಕೇಳಿದರು: "ಸಿಸ್ಟರ್, ಪೇಪರಿನ್ಯಾಗ ನಮ್ಮ ಭಾಗಕ್ಕ ಐದು ಸಾವಿರ ಕೋಟಿ ಅಂತ ಬರದಾರ. ಟಿ.ವಿ.ಯಾಗೂ ಅದನ್ನೇ ಹೇಳ್ತಾರ. ನಮ್ಮೂರ ಅಂಗನವಾಡಿ ಸ್ಲ್ಯಾಬ್ ಬೀಳಬೇಕಾದ್ರ ಮೂರು ವರ್ಷ ಹಿಡೀತು. ಅಷ್ಟು ದಿನ ಆ ರೊಕ್ಕ ಎಲ್ಲಿ ಕುಂತಿತ್ತರೀ?" ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ಆಕೆ ಕೇಳಿದ್ದು ನಗುವ ಮಾತಲ್ಲ. ಅವತ್ತು ಹೊತ್ತಾಗಿತ್ತು, ಸರಿಯಾದ ಉತ್ತರ ಕೊಡದೆ ಬಂದೆವು. ಅದಕ್ಕೇ ಈ ಬಾರಿ ಅದನ್ನೇ ಬರೆಯುತ್ತಿದ್ದೇವೆ.

ಸಾಮಾನ್ಯವಾಗಿ ನಮ್ಮ ಮಹಿಳೆಯರು ಇಂಥ ಪ್ರಶ್ನೆಗೆ ತಾವೇ ಉತ್ತರ ಹೇಳಿಕೊಂಡಿರುತ್ತಾರೆ: "ಎಲ್ಲಾ ತಿಂದು ಹಾಕ್ಯಾರ." ತಿನ್ನುವವರು ಇದ್ದಾರೆ, ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಇಷ್ಟು ವರ್ಷ ಹಳ್ಳಿಗಳಲ್ಲಿ, ಕಚೇರಿಗಳಲ್ಲಿ ಓಡಾಡಿ ನಾವು ಕಂಡದ್ದೇನೆಂದರೆ, ತಿಂದು ಹೋದ ಹಣದಷ್ಟೇ ಖರ್ಚಾಗದೆ ಕುಳಿತ ಹಣವೂ ನಮ್ಮ ಊರುಗಳಿಗೆ ನಷ್ಟ ಮಾಡಿದೆ. ತಿಂದವರ ಮೇಲೆ ದೂರು ಕೊಡಬಹುದು. ಕುಳಿತ ಹಣ ಯಾವ ಮೇಜಿನ ಮೇಲೆ ಕುಳಿತಿದೆ ಎಂದು ಮೊದಲು ಹುಡುಕಬೇಕು. ಹುಡುಕಲು ಹಣದ ದಾರಿ ಗೊತ್ತಿರಬೇಕು.

ಬಜೆಟ್ ಎಂದರೆ ಏನು

ನಮ್ಮ ಸಂಘದ ಉದಾಹರಣೆಯನ್ನೇ ತೆಗೆದುಕೊಳ್ಳಿ. ಸಭೆಯಲ್ಲಿ ಒಬ್ಬ ಸದಸ್ಯೆಗೆ ಬಿತ್ತನೆಗೆಂದು 20,000 ರೂಪಾಯಿ ಸಾಲ ಕೊಡಲು ಠರಾವು ಮಾಡಿದಿರಿ, ಪುಸ್ತಕದಲ್ಲಿ ಬರೆದಿರಿ. ಅಷ್ಟಕ್ಕೆ ಆಕೆಯ ಕೈಗೆ ರೊಕ್ಕ ಬಂತೇ? ಇಬ್ಬರು ಪ್ರತಿನಿಧಿಗಳ ಸಹಿ ಬೇಕು, ಅದರಲ್ಲಿ ಒಬ್ಬಾಕೆ ತವರಿಗೆ ಹೋಗಿರುತ್ತಾಳೆ. ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿ ಆಗಿರುವುದಿಲ್ಲ. ಇದೆಲ್ಲ ಮುಗಿಯುವ ಹೊತ್ತಿಗೆ ಮಳೆ ಬಿದ್ದು ತೊಗರಿ ಬಿತ್ತುವ ದಿನವೇ ದಾಟಿರುತ್ತದೆ. ಠರಾವು ಸುಳ್ಳಲ್ಲ, ರೊಕ್ಕವೂ ಎಲ್ಲೂ ಹೋಗಿಲ್ಲ. ಆದರೆ ಆಕೆಗೆ ಉಪಯೋಗಕ್ಕೆ ಬರಲಿಲ್ಲ.

ಸರಕಾರದ ಬಜೆಟ್ ಕೂಡ ಇಂಥದೇ ಒಂದು ದೊಡ್ಡ ಠರಾವು. ಸಂವಿಧಾನದ 202ನೇ ಕಲಮಿನಂತೆ ರಾಜ್ಯ ಸರಕಾರವು ಪ್ರತಿವರ್ಷ ಎಷ್ಟು ಬರುತ್ತದೆ, ಎಷ್ಟು ಖರ್ಚು ಮಾಡುತ್ತೇವೆ ಎಂಬ ಅಂದಾಜನ್ನು ವಿಧಾನಮಂಡಲದ ಮುಂದೆ ಇಡಬೇಕು. ಕಾನೂನಿನ ಒಪ್ಪಿಗೆ ಇಲ್ಲದೆ ಸರಕಾರದ ಸಂಚಿತ ನಿಧಿಯಿಂದ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ ಎಂದು 266ನೇ ಕಲಮು ಹೇಳುತ್ತದೆ. ಹೀಗೆ ಸಿಕ್ಕ ಒಪ್ಪಿಗೆ ಏಪ್ರಿಲ್ 1ರಿಂದ ಮುಂದಿನ ಮಾರ್ಚ್ 31ರವರೆಗೆ ಮಾತ್ರ. ಅಷ್ಟರೊಳಗೆ ಖರ್ಚಾಗದಿದ್ದರೆ ಇಲಾಖೆ ಅದನ್ನು ಹಿಂದಕ್ಕೆ ಒಪ್ಪಿಸಬೇಕು. ಇದನ್ನೇ ಕಚೇರಿಯವರು "ಲ್ಯಾಪ್ಸ್ ಆಯ್ತು" ಅನ್ನುತ್ತಾರೆ. ನಿಯಮ ಕೆಟ್ಟದ್ದಲ್ಲ. ವರ್ಷಕ್ಕೊಮ್ಮೆ ಜನಪ್ರತಿನಿಧಿಗಳ ಮುಂದೆ ಬಂದು ಲೆಕ್ಕ ಕೊಟ್ಟು ಹೊಸದಾಗಿ ಕೇಳಲಿ ಎಂಬುದು ಅದರ ಉದ್ದೇಶ. ಆದರೆ ಹನ್ನೆರಡು ತಿಂಗಳಲ್ಲಿ ಕೆಲಸಕ್ಕೆ ಉಳಿಯುವ ತಿಂಗಳು ಎಷ್ಟು ಎಂಬುದನ್ನು ಮುಂದೆ ನೋಡೋಣ.

ಬಜೆಟ್ಟಿನಲ್ಲಿ ಹೆಸರು ಬಂದ ಮೇಲೆ ಹಣಕಾಸು ಇಲಾಖೆ ಕಂತುಗಳಲ್ಲಿ ಹಣ ಬಿಡುಗಡೆ ಮಾಡುತ್ತದೆ. ಮುಂದಿನ ಕಂತು ಬೇಕಾದರೆ ಹಿಂದಿನ ಕಂತಿನ ಹಣ ಬಳಕೆ ಪ್ರಮಾಣಪತ್ರ, ಅಂದರೆ ಯು.ಸಿ. ಕೊಡಬೇಕು. ಇತ್ತ ಇಲಾಖೆಯಲ್ಲಿ ಯಾವ ಊರಿಗೆ ಯಾವ ಕೆಲಸ ಎಂದು ಕ್ರಿಯಾ ಯೋಜನೆ ಆಗಬೇಕು. ಅದಕ್ಕೆ ಆಡಳಿತಾತ್ಮಕ ಮಂಜೂರಾತಿ, ಆಮೇಲೆ ಎಂಜಿನಿಯರರ ಅಂದಾಜು ಪತ್ರಿಕೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ. ಕೆಲಸ ನಡೆದ ಮೇಲೆ ಅಳತೆ ಪುಸ್ತಕದಲ್ಲಿ ಬರೆಯಬೇಕು, ಬಿಲ್ಲು ಖಜಾನೆಗೆ ಹೋಗಬೇಕು. ಇಷ್ಟು ಬಾಗಿಲುಗಳಲ್ಲಿ ಯಾವುದಾದರೂ ಒಂದು ಮುಚ್ಚಿದ್ದರೂ ಉಳಿದದ್ದೆಲ್ಲ ಅಲ್ಲೇ ನಿಲ್ಲುತ್ತದೆ. "ರೊಕ್ಕ ಬಂದದ" ಅಂತ ಯಾರಾದರೂ ಹೇಳಿದರೆ ಇವುಗಳಲ್ಲಿ ಯಾವ ಬಾಗಿಲ ತನಕ ಬಂದದ ಅಂತ ಕೇಳಬೇಕು.

ನಮ್ಮ ಭಾಗದ ಐದು ಸಾವಿರ ಕೋಟಿ

ಆಕೆ ಕೇಳಿದ ಆ ದೊಡ್ಡ ಅಂಕಿಯ ಹಿಂದೆ ಒಂದು ಕಥೆ ಇದೆ. ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಲು ಸರಕಾರ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತ್ತು. 2002ರಲ್ಲಿ ವರದಿ ಬಂತು. ಆಗ ರಾಜ್ಯದಲ್ಲಿದ್ದ 175 ತಾಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲೂ 39 ಅತ್ಯಂತ ಹಿಂದುಳಿದವು ಎಂದು ಸಮಿತಿ ಗುರುತಿಸಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ 39ರ ಪಟ್ಟಿಯಲ್ಲಿವೆ. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆ ಆಗಬೇಕೆಂದು ಸಮಿತಿ ಹೇಳಿತು. ಆ ಯೋಜನೆ ಶುರುವಾದದ್ದೇ 2007-08ರಲ್ಲಿ. ವರದಿಗೂ ಮೊದಲ ರೂಪಾಯಿಗೂ ನಡುವೆ ಐದು ವರ್ಷ. ಆಗ ಅಂಗನವಾಡಿಗೆ ಹೋಗುತ್ತಿದ್ದ ಮಗು ಅಷ್ಟೊತ್ತಿಗೆ ಮೂರನೇ ನಾಲ್ಕನೇ ಇಯತ್ತೆಗೆ ಬಂದಿತ್ತು.

ಮುಂದೆ ಹೋರಾಟದ ಫಲವಾಗಿ ಸಂವಿಧಾನಕ್ಕೆ 371(ಜೆ) ಕಲಮು ಸೇರಿತು, 2013ರಲ್ಲಿ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಬಂತು. 2019ರಲ್ಲಿ ನಮ್ಮ ಭಾಗಕ್ಕೆ ಕಲ್ಯಾಣ ಕರ್ನಾಟಕ ಎಂದು ಹೆಸರಾದ ಮೇಲೆ ಅದು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ವರ್ಷಕ್ಕೆ 1,500 ಕೋಟಿ ಇದ್ದ ಅನುದಾನ 2022-23ರ ಬಜೆಟ್ಟಿನಲ್ಲಿ 3,000 ಕೋಟಿ ಆಯಿತು, 2023-24ರಲ್ಲಿ 5,000 ಕೋಟಿ ಎಂದು ಘೋಷಣೆಯಾಯಿತು. ಪೇಪರಿನಲ್ಲಿ ಬಂದದ್ದು ಇದೇ ಅಂಕಿ. ಇದು ಘೋಷಣೆಯ ಅಂಕಿ ಎಂಬುದನ್ನು ಮರೆಯಬಾರದು. ಬಿಡುಗಡೆಯ ಅಂಕಿ ಬೇರೆ, ಖರ್ಚಿನ ಅಂಕಿ ಇನ್ನೂ ಬೇರೆ. ಘೋಷಿಸಿದಷ್ಟು ಬಿಡುಗಡೆಯಾಗಲಿಲ್ಲ, ಬಿಡುಗಡೆಯಾದಷ್ಟು ಖರ್ಚಾಗಲಿಲ್ಲ ಎಂಬ ದೂರು ನಮ್ಮ ಭಾಗದ ಶಾಸಕರು, ಹೋರಾಟಗಾರರು ವರ್ಷವರ್ಷವೂ ಹೇಳುತ್ತ ಬಂದದ್ದೇ.

ಇನ್ನೊಂದು ವಿಷಯ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಮಂಡಳಿ ತಾನೇ ಇಟ್ಟಿಗೆ ಸಿಮೆಂಟು ಹಾಕಿ ಕಟ್ಟುವುದಿಲ್ಲ. ಕೆಲಸವನ್ನು ಲೋಕೋಪಯೋಗಿ ಇಲಾಖೆ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ, ನಿರ್ಮಿತಿ ಕೇಂದ್ರ, ಇಲ್ಲವೇ ನಾವು ಇನ್ನೂ ಲ್ಯಾಂಡ್ ಆರ್ಮಿ ಅಂತಲೇ ಕರೆಯುವ ಗ್ರಾಮೀಣ ಮೂಲಸೌಕರ್ಯ ನಿಗಮಕ್ಕೆ ವಹಿಸುತ್ತದೆ. ಹಾಗಾಗಿ ಹಣ ಒಂದು ಕಡೆ, ಕೆಲಸ ಇನ್ನೊಂದು ಕಡೆ. ಅಲ್ಲಿ ಕೇಳಿದರೆ ಇಲ್ಲಿಗೆ ಹೋಗಿ ಅಂತಾರೆ, ಇಲ್ಲಿ ಕೇಳಿದರೆ ಅಲ್ಲಿಗೆ.

ಹನ್ನೆರಡು ತಿಂಗಳಲ್ಲಿ ಎಷ್ಟು ತಿಂಗಳು?

ಹೊಲ ಮಾಡುವ ನಿಮಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ. ಏಪ್ರಿಲ್‌ನಲ್ಲಿ ಆರ್ಥಿಕ ವರ್ಷ ಶುರು. ಬಿಸಿಲಿಗೆ ನೆಲ ಒಣಗಿ ಗಟ್ಟಿಯಾಗಿರುತ್ತದೆ, ಪಾಯ ತೋಡಲು, ಲಾರಿ ಬರಲು ಇದೇ ಒಳ್ಳೆಯ ಕಾಲ. ಆದರೆ ಆಗ ಕಾಗದ ತಯಾರಿರುವುದಿಲ್ಲ. ಕ್ರಿಯಾ ಯೋಜನೆಗೆ ಒಪ್ಪಿಗೆ ಸಿಗುವ ಹೊತ್ತಿಗೆ ಜುಲೈ, ಆಗಸ್ಟ್. ಆಗ ಮಳೆ. ನಮ್ಮ ಎರಿ ಭೂಮಿಯಲ್ಲಿ ಮಳೆ ಬಿದ್ದ ಮೇಲೆ ಬರಿಗಾಲಲ್ಲಿ ನಡೆಯುವುದೇ ಕಷ್ಟ, ಜಲ್ಲಿಕಲ್ಲಿನ ಟಿಪ್ಪರ್ ಹೆಂಗೆ ಬರಬೇಕು? ಮಳೆ ನಿಂತು ಟೆಂಡರ್ ಆಗುವುದರೊಳಗೆ ನವೆಂಬರ್. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ, ಕೂಲಿಯವರು ಸಿಗುವುದಿಲ್ಲ. ಫೆಬ್ರುವರಿಯಲ್ಲಿ ಕೆಲಸ ಹಿಡಿದರೆ ಎದುರಿಗೇ ಮಾರ್ಚ್.

ಮಾರ್ಚ್ ತಿಂಗಳಲ್ಲಿ ಕಚೇರಿಗೆ ಹೋದವರು ನೋಡಿರುತ್ತೀರಿ. ವರ್ಷವಿಡೀ ಮಲಗಿದ್ದ ಫೈಲುಗಳು ಎದ್ದು ಓಡಾಡುತ್ತವೆ. 31ರ ರಾತ್ರಿಯವರೆಗೆ ಬಿಲ್ಲುಗಳ ಗಡಿಬಿಡಿ. ವರ್ಷದ ಕೊನೆಗೆ ಹೀಗೆ ಒಮ್ಮೆಲೇ ಖರ್ಚು ಮಾಡುವುದನ್ನು ದೇಶದ ಲೆಕ್ಕ ಪರಿಶೋಧಕರಾದ ಸಿ.ಎ.ಜಿ.ಯವರು ತಮ್ಮ ವರದಿಗಳಲ್ಲಿ ಮತ್ತೆ ಮತ್ತೆ ಆಕ್ಷೇಪಿಸಿದ್ದಾರೆ. ಗಡಿಬಿಡಿಯಲ್ಲಿ ಹಾಕಿದ ಸಿ.ಸಿ. ರಸ್ತೆ ಎರಡನೇ ಮಳೆಗೇ ಕಿತ್ತು ಬರುವುದು ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇದರ ಮೇಲೆ ಚುನಾವಣೆ. 2023ರಲ್ಲಿ ವಿಧಾನಸಭೆ ಚುನಾವಣೆಗೆ ಮಾರ್ಚ್ 29ಕ್ಕೆ ನೀತಿಸಂಹಿತೆ ಬಂತು. 2024ರಲ್ಲಿ ಲೋಕಸಭೆಗೆ ಮಾರ್ಚ್ 16ಕ್ಕೇ ಬಂತು, ಎಣಿಕೆ ಮುಗಿದದ್ದು ಜೂನ್ 4ಕ್ಕೆ. ಎರಡು ವರ್ಷವೂ ಕೆಲಸಕ್ಕೆ ಹದವಾದ ಬೇಸಿಗೆಯೇ ಹೋಯಿತು. ಒಂದು ಮಾತು ನೆನಪಿಡಿ: ನೀತಿಸಂಹಿತೆ ಇದ್ದಾಗ ಹೊಸ ಕೆಲಸ ಶುರು ಮಾಡುವಂತಿಲ್ಲ, ಆದರೆ ಮೊದಲೇ ಶುರುವಾಗಿ ನಡೆಯುತ್ತಿರುವ ಕೆಲಸ ನಿಲ್ಲಿಸಬೇಕೆಂದಿಲ್ಲ. "ಕೋಡ್ ಅದರೀ" ಅನ್ನುವ ಒಂದೇ ಮಾತಿನಿಂದ ಎರಡನ್ನೂ ನಿಲ್ಲಿಸಿದ್ದನ್ನು ನಾವು ಕಂಡಿದ್ದೇವೆ.

ಅಂಗನವಾಡಿಯ ಮೂರು ವರ್ಷ

ಈಗ ಆ ಅಂಗನವಾಡಿಯ ವಿಷಯ. ಊರಿನ ಹೆಸರು ಬರೆಯುವುದಿಲ್ಲ, ಸಂಘದವರಿಗೆ ಗೊತ್ತೇ ಇದೆ.

ಆ ಊರಿನ ಅಂಗನವಾಡಿ ಬಾಡಿಗೆಯ ತಗಡಿನ ಕೋಣೆಯಲ್ಲಿತ್ತು. ಮಾರ್ಚ್ ಮುಗಿಯುವುದರೊಳಗೆ ಆ ತಗಡಿನ ಕೆಳಗೆ ದೊಡ್ಡವರೇ ಕುಳಿತುಕೊಳ್ಳಲು ಆಗುವುದಿಲ್ಲ, ಮಕ್ಕಳ ಮಾತೇನು. ಟೀಚರ್ ಊಟ ಬಡಿಸಿ ಹನ್ನೊಂದಕ್ಕೇ ಮಕ್ಕಳನ್ನು ಮನೆಗೆ ಕಳಿಸುತ್ತಿದ್ದರು. ತಾಯಂದಿರು ಹೊಲಕ್ಕೆ ಹೋಗಿರುತ್ತಾರೆ. ಹಾಗಾಗಿ ಮನೆಯಲ್ಲಿ ದೊಡ್ಡ ಹುಡುಗಿ ಇದ್ದಲ್ಲಿ ಆಕೆ ಸಾಲೆ ಬಿಟ್ಟು ತಮ್ಮನನ್ನೋ ತಂಗಿಯನ್ನೋ ಹಿಡಿದುಕೊಂಡು ಕೂರಬೇಕು. ನಮ್ಮ ಸಂಘದ ಒಬ್ಬ ಸದಸ್ಯೆಯ ಮಗಳು ನಾಲ್ಕನೇ ಇಯತ್ತೆಯಲ್ಲಿ ಹೀಗೇ ವಾರಗಟ್ಟಲೆ ಗೈರುಹಾಜರಾದಳು. ಕಟ್ಟಡ ತಡವಾದರೆ ಏನಾಗುತ್ತದೆ ಎಂದು ಕೇಳುವವರಿಗೆ ನಾವು ಆ ಹುಡುಗಿಯ ಹಾಜರಿ ತೋರಿಸುತ್ತೇವೆ.

2022ರಲ್ಲಿ ಹೊಸ ಕಟ್ಟಡ ಮಂಜೂರಾಯಿತೆಂದು ಸುದ್ದಿ ಬಂತು. ಆಗಿನ ಮಾರ್ಗಸೂಚಿಯಂತೆ ಒಂದು ಅಂಗನವಾಡಿ ಕಟ್ಟಡಕ್ಕೆ 12 ಲಕ್ಷ ರೂಪಾಯಿ. ಅದು ಒಂದೇ ಕಡೆಯಿಂದ ಬರುತ್ತಿರಲಿಲ್ಲ. 8 ಲಕ್ಷ ಉದ್ಯೋಗ ಖಾತರಿಯಿಂದ, 2 ಲಕ್ಷ 15ನೇ ಹಣಕಾಸು ಆಯೋಗ ಅಥವಾ ಬೇರೆ ನಿಧಿಯಿಂದ, ಉಳಿದ 2 ಲಕ್ಷ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಿಂದ. ಆ 2 ಲಕ್ಷದಲ್ಲೂ ಕೇಂದ್ರದ ಪಾಲು 60, ರಾಜ್ಯದ ಪಾಲು 40. ಹಣ ಕೂಡಿಸಿ ಕಟ್ಟುವುದು ಒಳ್ಳೆಯ ವಿಚಾರವೇ. ಆದರೆ ಒಂದು ಕೋಣೆ ಏಳಬೇಕಾದರೆ ಮೂರು ಚೀಲದ ಬಾಯಿ ಒಂದೇ ಸಲ ಬಿಚ್ಚಬೇಕು.

ಮೊದಲ ವರ್ಷ ಏನೂ ನಡೆಯಲಿಲ್ಲ. ಊರಲ್ಲಿ ಎಲ್ಲರೂ ಪಂಚಾಯಿತಿ ಮೆಂಬರನ್ನು ಬೈದರು. ನಾವೂ ಮನಸ್ಸಿನಲ್ಲಿ ಬೈದೆವು, ಸುಳ್ಳು ಯಾಕೆ ಹೇಳಬೇಕು. ಆಮೇಲೆ ಮಹಿಳೆಯರು ಪಂಚಾಯಿತಿಗೆ ಹೋಗಿ ಕೂತು ಕೇಳಿದಾಗ ತಿಳಿದದ್ದು, ರೊಕ್ಕ ಇತ್ತು, ಜಾಗ ಇರಲಿಲ್ಲ. ತೋರಿಸಿದ ಜಾಗ ಗಾಯರಾಣ, ದಾಖಲೆಯಲ್ಲಿ ಸರಕಾರದ್ದು. ಅಳತೆ ಮಾಡಿ ಅಂಗನವಾಡಿಗೆಂದು ಹಸ್ತಾಂತರ ಆಗಿರಲಿಲ್ಲ. ಸರ್ವೇಯರ್ ಬರಲಿಲ್ಲವೆಂದು ಫೈಲು ಕೂತಿತ್ತು. ಸಂಘದವರು ಠರಾವು ಮಾಡಿ ತಹಶೀಲ್ದಾರ ಕಚೇರಿಗೆ ಅರ್ಜಿ ಕೊಟ್ಟರು, ಮೂರು ಸಲ ಹೋಗಿ ಬಂದರು, ಬಸ್ಸಿನ ಚಾರ್ಜು ಸಂಘದಿಂದ. ಅಳತೆ ಆಯಿತು.

ಎರಡನೇ ವರ್ಷ, 2023ರ ಮಳೆ ನಿಂತ ಮೇಲೆ ಪಾಯ ಬಿತ್ತು. ಗೋಡೆ ಲಿಂಟಲ್ ಮಟ್ಟಕ್ಕೆ ಬಂತು. ಅಲ್ಲಿಗೆ ನಿಂತಿತು. ಈ ಸಲ ಕೇಳಿದಾಗ ಬೇರೆಯೇ ಉತ್ತರ. ಉದ್ಯೋಗ ಖಾತರಿಯಲ್ಲಿ ಕೂಲಿ ಕೆಲಸ ಮಾಡಿದವರ ಖಾತೆಗೆ ನೇರವಾಗಿ ಹೋಗುತ್ತಿತ್ತು, ಆದರೆ ಸಿಮೆಂಟು, ಕಬ್ಬಿಣದ ಸಾಮಗ್ರಿ ಬಿಲ್ಲು ಬೇರೆ. ಕೂಲಿ 60, ಸಾಮಗ್ರಿ 40 ಎಂಬ ಮಿತಿಯೂ ಇತ್ತು. "ನಮ್ಮ ಕೂಲಿ ಬಂದದ, ಸಿಮೆಂಟಿನವರದ್ದು ಬಂದಿಲ್ಲಂತ" ಎಂದು ಅಲ್ಲಿ ಕೆಲಸ ಮಾಡಿದ ಹೆಣ್ಣುಮಕ್ಕಳೇ ಹೇಳಿದರು. ಸಾಮಗ್ರಿ ಕೊಟ್ಟ ಅಂಗಡಿಯವರು, ಹಿಂದಿನ ಬಾಕಿ ಬರುವ ತನಕ ಇನ್ನೊಂದು ಚೀಲ ಕೊಡುವುದಿಲ್ಲ ಅಂದರು. ಅವರದೇನು ತಪ್ಪು? ಅಷ್ಟರಲ್ಲಿ ಮಾರ್ಚ್ 16 ಬಂತು, "ಕೋಡ್ ಅದರೀ" ಎಂಬ ಮಾತೂ ಬಂತು. ಗೋಡೆ ಮತ್ತೊಂದು ಮಳೆಗಾಲ ನೆನೆಯಿತು.

2024ರ ಆಗಸ್ಟಿನಲ್ಲಿ ಸಂಘದವರು ಮಾಹಿತಿ ಹಕ್ಕಿನ ಅರ್ಜಿ ಹಾಕಿದರು. 2005ರ ಈ ಕಾಯ್ದೆಯಂತೆ 10 ರೂಪಾಯಿ ಶುಲ್ಕ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಮೊದಲ ಅರ್ಜಿಯಲ್ಲಿ ನಮ್ಮವರು ರಸ್ತೆ, ನೀರು, ಅಂಗನವಾಡಿ ಎಲ್ಲ ಸೇರಿಸಿ ಎರಡು ಪುಟ ಬರೆದಿದ್ದರು, ವಾಪಸ್ಸು ಬಂತು. ಎರಡನೇ ಸಲ ಚಿಕ್ಕದಾಗಿ ಕೇಳಿದರು: ಈ ಕಟ್ಟಡಕ್ಕೆ ಮೂರು ಕಡೆಯಿಂದ ಎಷ್ಟೆಷ್ಟು ಮಂಜೂರು, ಎಷ್ಟು ಬಿಡುಗಡೆ, ಎಷ್ಟು ಖರ್ಚು? ಅಳತೆ ಪುಸ್ತಕದ ನಕಲು, ಯು.ಸಿ. ನಕಲು ಕೊಡಿ.

ಉತ್ತರದಲ್ಲಿ ಗಂಟು ಸಿಕ್ಕಿತು. ಇಲಾಖೆಯ 2 ಲಕ್ಷ ಬಂದಿರಲೇ ಇಲ್ಲ, ಯಾಕೆಂದರೆ ಲಿಂಟಲ್ ಮಟ್ಟದ ಅಳತೆ ಬರೆದು ಪ್ರಮಾಣಪತ್ರ ಕಳಿಸಿರಲಿಲ್ಲ. ಬರೆಯಬೇಕಾದ ಎಂಜಿನಿಯರ್ ವರ್ಗವಾಗಿ ಹೋಗಿದ್ದರು. ಅವರ ಜಾಗಕ್ಕೆ ಇನ್‌ಚಾರ್ಜ್ ಇದ್ದವರಿಗೆ ಇನ್ನೂ ಹಲವು ಪಂಚಾಯಿತಿಗಳ ಕೆಲಸ. ಅವರನ್ನು ಕಂಡಾಗ ನಮಗೆ ಸಿಟ್ಟಿಗಿಂತ ಕನಿಕರವೇ ಬಂತು. ಮೋಟರ್ ಸೈಕಲ್ಲಿನ ಮೇಲೆ ಅಳತೆ ಟೇಪು, ಊಟದ ಡಬ್ಬಿ ಕಟ್ಟಿಕೊಂಡು ದಿನಕ್ಕೆ ಮೂರು ಊರು ಸುತ್ತುತ್ತಿದ್ದರು. ನಮ್ಮ ಭಾಗದ ಕಚೇರಿಗಳಲ್ಲಿ ಖಾಲಿ ಕುರ್ಚಿಗಳ ವಿಷಯ ನಿಮಗೆ ಗೊತ್ತೇ ಇದೆ. ಹಣ ಹೆಚ್ಚು ಮಾಡುವ ಘೋಷಣೆ ಒಂದು ದಿನದಲ್ಲಿ ಆಗುತ್ತದೆ. ಆ ಹಣ ಖರ್ಚು ಮಾಡುವ ಕೈಗಳನ್ನು ನೇಮಿಸಲು ವರ್ಷಗಳೇ ಹಿಡಿಯುತ್ತವೆ.

ಕೇಳುವವರು ಯಾರು ಎಂಬ ಪ್ರಶ್ನೆಯೂ ಇದೆ. ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳೇ ನೋಡಿಕೊಂಡರು. ಸಭೆಯಲ್ಲಿ ಎದ್ದುನಿಂತು "ನಮ್ಮೂರ ಅಂಗನವಾಡಿ ಎಲ್ಲಿಗಿ ಬಂತು" ಎಂದು ಕೇಳುವ ಸದಸ್ಯರೇ ಇರಲಿಲ್ಲ. ನಮಗೆ ಉಳಿದದ್ದು ಗ್ರಾಮ ಪಂಚಾಯಿತಿ, ಅದರ ಗ್ರಾಮಸಭೆ.

ನಿಮ್ಮ ಗೃಹಲಕ್ಷ್ಮಿ ಹಣದಲ್ಲೂ ಇದೇ ಪಾಠ ಇದೆ. 2023ರ ಆಗಸ್ಟ್ 30ರಂದು ಶುರುವಾದ ಈ ಯೋಜನೆಯಲ್ಲಿ 2025ರ ಫೆಬ್ರುವರಿ, ಮಾರ್ಚ್ ತಿಂಗಳ ಕಂತು ಹಾಕಿಲ್ಲ ಎಂಬ ವಿಷಯ ಆ ವರ್ಷ ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಚರ್ಚೆಗೆ ಬಂತು. ತಪ್ಪಿದ್ದು ಯಾವ ತಿಂಗಳುಗಳು ನೋಡಿರಿ, ಆರ್ಥಿಕ ವರ್ಷದ ಕೊನೆಯ ಎರಡು. ಏಪ್ರಿಲ್ ಬಂದ ಕೂಡಲೇ ಹೊಸ ಬಜೆಟ್ಟಿನ ಹಣ ಹೊಸ ತಿಂಗಳಿಗೆ ಹೋಗುತ್ತದೆ, ಹಳೆಯ ಬಾಕಿಗೆ ಬೇರೆಯಾಗಿ ಒಪ್ಪಿಗೆ ಪಡೆಯಬೇಕು. ಆದ್ದರಿಂದ ಸಂಘದ ಸಭೆಯಲ್ಲಿ ಎಲ್ಲರ ಪಾಸ್‌ಬುಕ್ ಎಂಟ್ರಿ ಮಾಡಿಸಿ, ಯಾವ ತಿಂಗಳದ್ದು ಬಂದಿದೆ, ಯಾವುದು ಇಲ್ಲ ಎಂದು ಹೆಸರಿನ ಮುಂದೆ ಬರೆದಿಡಿ. "ಎರಡು ಕಂತು ಬಂದಿಲ್ಲ" ಎಂದು ಬಾಯಿಮಾತಿನಲ್ಲಿ ಕೇಳುವುದಕ್ಕೂ ತಿಂಗಳ ಹೆಸರು ಬರೆದು ಕೇಳುವುದಕ್ಕೂ ಬಹಳ ವ್ಯತ್ಯಾಸ ಇದೆ.

ಗ್ರಾಮಸಭೆಗೆ ಹೋಗುವಾಗಲೂ ಹೀಗೇ. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಪಂಚಾಯಿತಿಯಲ್ಲಿ ಜಮಾಬಂದಿ ನಡೆಯುತ್ತದೆ, ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದೆ ಓದಬೇಕು. ಅಕ್ಟೋಬರಿನಿಂದ ಮುಂದಿನ ವರ್ಷದ ಯೋಜನೆಯ ಮಾತು ಶುರು. ಈ ಎರಡು ಸಭೆ ತಪ್ಪಿಸಬೇಡಿರಿ. ಮಾರ್ಚ್‌ನಲ್ಲಿ ಹೋಗಿ ಜಗಳಾಡಿದರೆ ಗಡಿಬಿಡಿಯ ಕೆಲಸ ಸಿಗುತ್ತದೆ. ನವೆಂಬರಿನಲ್ಲಿ ಹೋಗಿ ಟೆಂಡರ್ ಆಯಿತೇ, ಜಾಗದ ಕಾಗದ ಸರಿ ಇದೆಯೇ, ಅಳತೆ ಬರೆದಿದ್ದಾರೆಯೇ ಎಂದು ಕೇಳಿದರೆ ಸ್ಲ್ಯಾಬ್ ಬೀಳುತ್ತದೆ. ಒಬ್ಬರೇ ಹೋಗಬೇಡಿರಿ, ಠರಾವಿನ ಪ್ರತಿ ಒಯ್ಯಿರಿ, ಕೊಟ್ಟ ಅರ್ಜಿಗೆ ಸ್ವೀಕೃತಿ ತಗೊಂಡೇ ಬನ್ನಿರಿ.

ಆ ಊರಿನವರು ಮಾಡಿದ್ದು ಇಷ್ಟೇ. ಮಾಹಿತಿ ಹಕ್ಕಿನ ಉತ್ತರ ಹಿಡಿದುಕೊಂಡು ಗ್ರಾಮಸಭೆಗೆ ನಲವತ್ತು ಜನ ಹೋದರು. ಅಳತೆ ಬರೆಯಲಾಯಿತು, ಪ್ರಮಾಣಪತ್ರ ಹೋಯಿತು, ಬಾಕಿ ಬಿಲ್ಲಿನಲ್ಲಿ ಒಂದು ಭಾಗ ಬಂತು. 2025ರ ಫೆಬ್ರುವರಿಯಲ್ಲಿ ಸ್ಲ್ಯಾಬ್ ಬಿತ್ತು. ಜೂನಿನಿಂದ ಮಕ್ಕಳು ಒಳಗೆ ಕೂರುತ್ತಿದ್ದಾರೆ, ಆ ಹುಡುಗಿ ಸಾಲೆಗೆ ಹೋಗುತ್ತಿದ್ದಾಳೆ. ಶೌಚಾಲಯ ಮತ್ತು ಕುಡಿಯುವ ನೀರಿನ ಹಣ ಮಾತ್ರ ಕಟ್ಟಡದ ಲೆಕ್ಕದಲ್ಲಿ ಇಲ್ಲ, ಅದಕ್ಕೆ ಬೇರೆ ಶೀರ್ಷಿಕೆ, ಬೇರೆ ಫೈಲು. ಮಕ್ಕಳನ್ನು ಇನ್ನೂ ಹೊರಗೆ ಕರೆದುಕೊಂಡು ಹೋಗಬೇಕು. ಆ ಫೈಲು ಈಗ ಎಲ್ಲಿದೆ ಎಂದು ಕೇಳುವ ಅರ್ಜಿಯನ್ನು ಸಂಘದ ಕಾರ್ಯದರ್ಶಿಯವರು ಬರೆದು ಮುಗಿಸಿದ್ದಾರೆ. 150 ಪದದೊಳಗೇ ಇದೆ, ನಾವು ಎಣಿಸಿ ನೋಡಿದ್ದೇವೆ.